‘ಛಲೋ ಐತಿ’ ಅನ್ನಾವ ಒಬ್ಬ ಗಿರಾಕಿ

ಏ ನಿಲ್ರಿ, ನಿಲ್ರಿ ಅಣ್ಣಾರ! ಈಗ, ಈಗಿಂದೀಗ ನಮ್ಮ ಅಂಗಡ್ಯಾಗ ಏನಾತು ಅಂತ ಹೇಳಿದ್ರ ನೀವು ನಂಬಂಗಿಲ್ಲ. ಚಾ ತರ್ತೀನಿ ಅಂತ ಓಡಿ ಬಂದೇನಿ, ಮಾಲಕರು ಒಳಗ ಕಾಯಾಕತ್ತಾರ. ಆದ್ರ ಮೊದಲಿಂದ ಹೇಳಿದ್ರನ ತಿಳಿತೈತಿ, ಕೇಳ್ರಿ.

ಚಿಕ್ಕೋಡಿ ಬಸ್‌ಸ್ಟ್ಯಾಂಡ್ ಮುಂದಿನ ಟೇಪ್ ರಿಪೇರಿ ಅಂಗಡ್ಯಾಗ ನಾ ಇರ್ತೀನಲ್ಲ? ಸೆಟ್ ರಿಪೇರಿ ಆದಮ್ಯಾಲೆ ಚೆಕ್ ಮಾಡಾಕ ನಾ ಹಾಕೋದು ಒಂದ ಕ್ಯಾಸೆಟ್ಟು, ನಂದು. ಮಿರಜ್ ಸ್ಟೇಷನ್ ಹೊರಗ ಹಳೇ ಕ್ಯಾಸೆಟ್ಟಿನ ರಾಶ್ಯಾಗ ಸಿಕ್ಕಿದ್ದು. ಇಂಗ್ಲಿಷ್ ರಾಕ್. ಆ ಬ್ಯಾಂಡಿನ ಹೆಸರು ಮಿರಜದಾಗೂ ಗೊತ್ತಿಲ್ಲ, ಕೊಲ್ಲಾಪುರದಾಗೂ ಗೊತ್ತಿಲ್ಲ. ಮಾತು ನನಗೂ ತಿಳಿಯಂಗಿಲ್ಲ ಬಿಡ್ರಿ. ಆದ್ರ ಮೂರನೇ ಹಾಡಿನ್ಯಾಗ ಡ್ರಮ್ಮು ಗಪ್ಪಂತ ನಿಂತು ಗಿಟಾರ್ ಒಂದ ಉಳಿತೈತಿ, ಬಾವ್ಯಾಗ ನೀರ ತೊಟ್ಟಿಕ್ಕಿದಂಗ. ನಡಕ ಅವನ ಬೆರಳು ಒಮ್ಮೆ ತಪ್ಪತೈತಿ. ತಪ್ಪಿದ್ದನ್ನ ಹಂಗ ಬಿಟ್ಟಾರ! ಆಮ್ಯಾಲೆ ಎಲ್ಲಾರೂ ಕೂಡಿ ಧಡ್ ಅಂತ ಬರ್ತಾರ ನೋಡ್ರಿ, ಮೈಮ್ಯಾಲಿನ ಕೂದಲು ನೆಟ್ಟಗ ನಿಲ್ತಾವ. ಇಂಥಾ ಮಂದಿನ್ನ ಯಾಕ ಯಾರೂ ಕೇಳ್ಲಿಲ್ಲ?

ಮಾಲಕರಿಗೆ ಮಾತ್ರ ಅದರ ಮ್ಯಾಲ ಸಂಶೆ. “ಗಿರಾಕಿ ಓಡಿ ಹೋಗಾಕತ್ತಿದ್ದು ಇದರಿಂದನಲೇ. ಈ ವಾರದಾಗ ಒಬ್ಬ ಗಿರಾಕಿ ಬಾಯಿಂದರ ‘ಛಲೋ ಐತಿ’ ಅನಿಸು. ಇಲ್ಲಾಂದ್ರ ಇದನ್ನ ಅಳಿಸಿ ಬ್ಯಾರೆ ಹಾಡು ತುಂಬತೀನಿ” ಅಂದ್ರು.

ಒಬ್ಬ! ಒಬ್ಬ ಸಿಗಂಗಿಲ್ಲೇನ್ರಿ?

೧. ಮಾಸ್ತರ ಸೆಟ್ಟು

ರಾಯಬಾಗದ ಮಾಸ್ತರೊಬ್ರು ಸೆಟ್ ಒಯ್ಯಾಕ ಬಂದ್ರು. ಬೆಲ್ಟ್ ಬದಲಿ ಮಾಡಿದ್ದೆ, ಹೆಡ್ ತೊಳದಿದ್ದೆ. ನನ್ನ ಕ್ಯಾಸೆಟ್ ಹಾಕಿದೆ. ಮಾಸ್ತರು ಕಿವಿ ಹತ್ರ ತಂದವರು ಹಿಂದಕ್ಕ ಜಿಗದ್ರು.

“ತಮ್ಮಾ, ನಾ ತಂದಾಗ ಇಷ್ಟ ಕೆಟ್ಟಿದ್ದಿಲ್ಲಲ್ಲೋ!”

“ಸರ್, ಸೆಟ್ ಸರಿ ಐತ್ರಿ. ಹಾಡ ಹಿಂಗರಿ.”

“ಹಾಡ ಹಿಂಗ ಇರ್ತೈತಿ? ಯಾರಿಗೆ ಹೇಳ್ತಿ?”

ಗಾಬರ್ಯಾಗಿ ಒಂದು ಭಾವಗೀತೆ ಹಾಕಿದೆ. ಸೆಟ್ಟು ಜೇನ ಸುರದಂಗ ಹಾಡ್ತು. ಮಾಸ್ತರ ಮಾರಿ ಇನ್ನೂ ಬಿಗೀತು. “ನೋಡಿದ್ಯಾ? ಒಮ್ಮೆ ಕೆಡತೈತಿ, ಒಮ್ಮೆ ತಾನ ಸರಿ ಆಕ್ಕೈತಿ. ಇಂಥಾ ರೋಗ ಭಾಳ ಕೆಟ್ಟದ್ದು. ಇನ್ನೆರಡ ದಿನ ಇಟ್ಟಕೊಂಡು ನೋಡು.”

ಸೆಟ್ ಬಿಟ್ಟ ಹೋದ್ರು!

೨. ಬೆನ್ನ ತೋರಿಸಿದವರು

ಮರುದಿನ ಹಾಡಾವ ಗಂಟಲ ಹರಕೊಂಡು ಒದರೂ ಹೊತ್ತಿಗೆ ಬಸ್‌ಸ್ಟ್ಯಾಂಡ್ ಪೊಲೀಸಪ್ಪ ಲಾಠಿ ಹಿಡಕೊಂಡು ಓಡಿ ಬಂದ. “ಯಾರನ್ನ ಬಡ್ಯಾಕತ್ತೀರಿ ಒಳಗ?”

“ಯಾರನ್ನೂ ಇಲ್ಲರಿ ಸಾಹೇಬ್ರ. ಹಾಡಾಕತ್ತಾನರಿ ಅವ.”

“ತಾ ಇಲ್ಲಿ ಕವರ್ರು.”

ಕವರ್ ಮ್ಯಾಲ ಉದ್ದ ಕೂದಲದವರು ನಾಕ ಮಂದಿ ಬೆನ್ನ ತೋರಿಸಿ ನಿಂತಾರ. ಪೊಲೀಸಪ್ಪ ಹೊಳ್ಳಿಸಿ ನೋಡಿದ, ಹಿಂದರ ಮಾರಿ ಇರಬೇಕಂತ! ಇಲ್ಲ.

“ಏನ ಮಾಡಿ ಬಂದಾರ ಇವ್ರು? ಏನೂ ಮಾಡ್ಲಾರದವ ಯಾವನರ ಮಾರಿ ಮುಚ್ಚತಾನೇನಲೇ?”

“ಸ್ಟೈಲ್‌ರಿ ಸಾಹೇಬ್ರ.”

ಆಚೆ ಈಚೆ ನೋಡಿ ಸಣ್ಣ ದನಿಲೆ ಅಂದ: “ಇವ್ರು ಚಿಕ್ಕೋಡಿಗೆ ಬಂದ್ರ ಚಾ ಕುಡಿಸಿ ಕುಂಡರಿಸಿಕೋ, ನನಗ ಹೇಳಿ ಕಳಸು.”

೩. ನಿಪ್ಪಾಣಿ ಮಾವಶಿ

ನಿಪ್ಪಾಣ್ಯಾಗ ಬೀಡಿ ಕಟ್ಟೋ ಶೆಡ್ಡಿಗೆ ಸ್ಪೀಕರ್ ಹಚ್ಚಾಕ ಹೋದೆ. ಚೆಕ್ ಮಾಡಾಕ ಮತ್ತ ನಂದ ಕ್ಯಾಸೆಟ್ಟು. ಏನ ಹೇಳ್ಲಿ ಅಣ್ಣಾರ! ಡ್ರಮ್ಮಿಗೆ ಸರಿಯಾಗಿ ಕೈ ಓಡಾಕ ಹತ್ತಿದ್ವು. ಎಲಿ ತಗೊ, ತಂಬಾಕ ಹಾಕು, ಸುತ್ತು, ದಾರ ಕಟ್ಟು! ಹಿರೇ ಮಾವಶಿ ಒಬ್ಬಾಕಿ ತಲಿ ತೂಗಾಕತ್ತಿದ್ಲು. ಸಿಕ್ಕಳಲ್ಲಪ್ಪಾ ಅಂತ ಓಡಿ ಹೋದೆ.

“ಹೆಂಗೈತಿ ಮಾವಶಿ?”

ಆಕಿ ತನ್ನ ಕೈ ನೋಡಿಕೊಂಡ್ಲು, ಬುಟ್ಟಿ ನೋಡಿದ್ಲು, ನನ್ನ ನೋಡಿದ್ಲು. “ಕಾಯ ರೇ, ಏನೋ ತಮ್ಮಾ, ನಮ್ಮ ಶೆಡ್ಡಿನ ಮಾಲಕ ಕೊಟ್ಟ ಕಳಿಸ್ಯಾನೇನ ಇದನ್ನ?”

“ಇಲ್ಲ ಮಾವಶಿ, ನಂದು!”

“ಸುಳ್ಳ ಹೇಳಬ್ಯಾಡ. ನನ್ನ ಕೈ ನನ್ನ ಮಾತ ಕೇಳವಲ್ವು. ಇಷ್ಟ ಲಗೂ ಕಟ್ಟತಾರಂತ ಗೊತ್ತಾದ್ರ ನಾಳಿಗೇ ಕೂಲಿ ದರ ಇಳಸ್ತಾನ ಅವ. ತೆಗಿ ಅದನ್ನ! ಅಳೂ ಹಾಡ ಹಚ್ಚು, ಸಾವಕಾಶಂದು.”

೪. ದ್ರಾಕ್ಷಿ ಕಾಕಾ

ಮೂರ ದಿನದ ಹಿಂದ ಕಾಗವಾಡದ ದ್ರಾಕ್ಷಿ ತ್ವಾಟದ ಕಾಕಾ ಸೆಟ್ ಒಯ್ಯಾಕ ಬಂದು, ಒಂದಿಡೀ ಸೈಡು ಕೇಳಿದ್ರು! “ಇದರದೊಂದು ಕಾಪಿ ಕೊಡೋ” ಅಂದ್ರು. ನಾ ಕುಣ್ಯಾಕತ್ತೆ. ಮಾಲಕರು ಕಣ್ಣ ಸಣ್ಣ ಮಾಡಿ ಕೇಳಿದ್ರು, “ಯಾತಕ್ರಿ ಕಾಕಾ?”

“ಹಕ್ಕಿ ಓಡಸಾಕ. ಡಬ್ಬಿ ಬಡದು ಬಡದು ತೋಳ ಸೋತಾವ.”

ಮಾಲಕರು ಹೊಟ್ಟಿ ಹಿಡಕೊಂಡು ನಕ್ಕರು. “ಇದು ಲೆಕ್ಕಕ್ಕಿಲ್ಲಲೇ!” ಆದ್ರೂ ಕಪಾಟಿನ್ಯಾಗಿನ ಹಳೇ ಕ್ಯಾಸೆಟ್ಟಿನ ಒಂದು ಸೈಡಿಗೆ ನಂದು ತುಂಬಿ ಕೊಟ್ಟೆ. ಇನ್ನೊಂದು ಸೈಡಿನ್ಯಾಗ ಏನೈತಿ ಅಂತ ನೋಡ್ಲಿಲ್ಲ.

ಈಗ ಬಂದ್ರು ನೋಡ್ರಿ ಕಾಕಾ! ಅಂಗಡಿ ಕಟ್ಟಿ ಮ್ಯಾಲೇ ನನ್ನ ಹಿಡದ್ರು.

“ಏನ ತುಂಬಿದ್ಯೋ ಹುಡುಗಾ? ಮೊದಲ್ನೇ ದಿನ ಹಕ್ಕಿ ಓಡಿದ್ವು. ಮರುದಿನ ಬಂದು ತಂತಿ ಮ್ಯಾಲ ಸಾಲ ಹಿಡದು ಕುಂತ್ವು. ಆ ಗಿಟಾರ್ ಒಂದ ಬಾರಸ್ತಾನಲ್ಲ, ಆವಾಗ ಒಂದೂ ಮಿಸಕಾಡಂಗಿಲ್ಲ! ಡಬ್ಬಿ ಬಿಟ್ಟು ನಾನೂ ಕುಂತೆ. ಖರೇನ ಛಲೋ ಐತೋ ಅದು.”

ಅಣ್ಣಾರ, ನನ್ನ ಕಣ್ಣಾಗ ನೀರು!

“ಆದ್ರ ನನಗ ಬೇಕಾಗಿದ್ದು ಹಕ್ಕಿ ಓಡಸಾವ. ನಿನ್ನೆ ತಪ್ಪಿ ಹಿಂದಿನ ಸೈಡ್ ಹಾಕಿದೆ. ಯಾವನೋ ಭಜನಿ ಹಾಡ್ಯಾನ. ಅಬಬಬಾ! ಒಂದ ಆಲಾಪಕ್ಕ ತ್ವಾಟ ಖಾಲಿ! ಪಕ್ಕದ ತ್ವಾಟದ ಹಕ್ಕೀನೂ ಹ್ವಾದ್ವು. ಎರಡೂ ಸೈಡ್ ಅವನ್ನ ತುಂಬಿಕೊಡು. ಯಾರೋ ಅವ? ಒಮ್ಮೆ ಕೈ ಮುಗೀಬೇಕು.”

ಕಾಕಾರ ಕ್ಯಾಸೆಟ್ಟಿನ ಹಿಂದಿನ ಸೈಡ್ ಹಾಕಿ, ಕಿವಿಗೆ ಇಯರ್‌ಫೋನ್ ಹಚ್ಚಿ ಕೇಳಿದೆ. ಯಾರಂತೀರಿ? ನಮ್ಮ ಮಾಲಕರ ದನಿ!

ಒಳಗಿಂದ ಮಾಲಕರು, “ಏನಂತಲೇ ಕಾಕಾಂದು? ಛಲೋ ಐತಿ ಅಂದ್ರೋ ಇಲ್ಲೋ? ನಿನ್ನ ಮಾರಿ ಯಾಕ ಹಂಗಾಗೇತಿ?” ಅಂದ್ರು. ಇವತ್ತಿಗೆ ವಾರ ಮುಗದೈತಿ, ನನ್ನ ಕ್ಯಾಸೆಟ್ ಡೆಕ್ಕಿನ್ಯಾಗೈತಿ, ಅವರ ಬೆರಳು ರೆಕಾರ್ಡ್ ಬಟನ್ ಮ್ಯಾಲೈತಿ. ಕಾಕಾನ್ನ ಅಲ್ಲೇ ಕಟ್ಟಿ ಮ್ಯಾಲ ಕುಂಡರಿಸಿ, ಚಾ ತರ್ತೀನ್ರಿ ಅಂದವನ ಓಡಿ ಬಂದೆ.

ಕಾಕಾನ್ನ ಒಳಗ ಕರದು ಹೇಳಿಸಿದ್ರ ಕ್ಯಾಸೆಟ್ ಉಳಿತೈತಿ, ಆದ್ರ ಕಾಕಾ ಹಿಂದಿನ ಸೈಡಿಂದೂ ಹೇಳತಾರ, ನೌಕರಿ ಹೋಕ್ಕೈತಿ. ಕರೀಲಿಲ್ಲಂದ್ರ ನೌಕರಿ ಉಳಿತೈತಿ, ಆ ಗಿಟಾರ್ ಹೋಕ್ಕೈತಿ. ಅಯ್ಯಯ್ಯೋ, ಕಾಕಾ ಎದ್ದು ಒಳಗ ಹೊಂಟ್ರಲ್ರಿ! ಅಣ್ಣಾರ, ಲಗೂ ಹೇಳ್ರಿ, ನೀವಾಗಿದ್ರ ಏನ ಮಾಡತಿದ್ರಿ?