ಟೇಶನ್ ಮುಂದ ನಮ್ಮತ್ತಿ ಒಲಿ

ರಾತ್ರಿ ಹೊತ್ತಿನ್ಯಾಗ ಹಸಿದ ಮಂದಿ ಏನೇನ ಮಾಡ್ತಾರ ಅಂತ ನೋಡಾಕ ನಾವು ಯಾವ ಬಯಲಾಟಕ್ಕೂ ಹೋಗಬೇಕಾಗಿರಲಿಲ್ಲ. ರಾಯಚೂರು ಟೇಶನ್ ಮುಂದಿನ ನಮ್ಮ ಒಲಿ ಮಗ್ಗಲ ಕುಂತ್ರ ಸಾಕಿತ್ತು, ದಿನಾ ಒಂದಿಲ್ಲೊಂದು ನಡೀತಿತ್ತು. ಆಗ ನಿಜಾಮರ ಆಳ್ವಿಕಿ, ಹೊರದೇಶದಾಗ ದೊಡ್ಡ ಯುದ್ಧ. ಮುಂಬೈ ಕಡಿ ರೈಲು, ಮದರಾಸ್ ಕಡಿ ರೈಲು ನಮ್ಮೂರಾಗ ಕೂಡತಿದ್ವು. ಮನಿಯವರು ಹಗಲೆಲ್ಲ ಹಮಾಲಿ ಮಾಡ್ತಿದ್ರು. ರಾತ್ರಿ ಒಲಿ ನಂದು, ನಮ್ಮತ್ತಿದು. ಅತ್ತಿ ದೇವದುರ್ಗದಾಕಿ. ಆಕಿ ಮಾತು, ಆಕಿ ಕರಿಯೂ ಮಿರ್ಚಿ ಬಜಿ, ಎರಡಕ್ಕೂ ಒಂದ ಖಾರ.

ಸಿಪಾಯಿ

ಗುಂಟೂರ ಕಡಿ ಸಿಪಾಯಿ ಒಬ್ಬಂವ ರೈಲು ಬದಲಸಾಕ ಇಳಿದು ಮಿರ್ಚಿ ಕೇಳಿದ.

"ತಮ್ಮಾ, ಇವು ಭಾಳ ಖಾರ ಅದಾವ. ಮಂಡಾಳೊಗ್ಗರಣಿ ಜೋಡಿ ತಿನ್ನು," ಅಂದ್ಲು ಅತ್ತಿ.

ಅಂವ ಮೀಸಿ ತಿರುವಿದ. "ಅವ್ವಾ, ನಮ್ಮೂರಾಗ ಹಲ್ಲು ಬರೂಕಿಂತ ಮುಂಚೆನ ಕೂಸುಗಳು ಮೆಣಸಿನಕಾಯಿ ಕಡೀತಾವ. ನಾನಂತೂ ಯುದ್ಧಕ್ಕ ಹೊಂಟಂವ!"

ಅತ್ತಿ ಕೊಟ್ಟ ಚುರುಮುರಿ ಮಂಡಾಳ ಅತ್ತ ಸರಿಸಿ ಬರೇ ಮಿರ್ಚಿ ಹಿಡದ. ಮೊದಲನೇದು ನಕ್ಕೋತ ತಿಂದ. ಎರಡನೇದಕ್ಕ ನಗು ನಿಂತಿತು. ಮುಂದಿನದು ಬಾಯಾಗ ಹೋಗಿದ್ದ ತಡ, ಎದ್ದು ಓಡಿದ. ನೋಡಿದ್ರ ಟಾಂಗಾ ಕುದುರಿ ಬಕೀಟಿನ್ಯಾಗ ಮುಖ ಇಟ್ಟು ನೀರು ಕುಡ್ಯಾಕತ್ತಾನ! ಕುದುರಿ ಹಿಂದಕ್ಕ ಸರಿದು ಅವನ್ನ ಪಿಳಿಪಿಳಿ ನೋಡಾಕತ್ತಿತ್ತು. ಟಾಂಗಾದಂವ ಕೈ ಮುಗದ: "ಸಿಪಾಯಿ ಸಾಹೇಬ್ರ, ಯುದ್ಧ ನೀವ ಗೆಲ್ರಿ, ಅಡ್ಡಿಯಿಲ್ಲ. ನನ್ನ ಕುದುರಿಗಿ ಒಂದು ಗುಟುಕರ ಉಳಸ್ರಿ!"

ಪುಂಡಿ

ಹೈದರಾಬಾದಿನ ಬಾಯಿಸಾಹೇಬ್ರು ಒಬ್ಬರು ಮಗನಿಗಿ ಹೆಣ್ಣು ನೋಡಾಕ ಮಾನ್ವಿಗಿ ಹೊಂಟಿದ್ರು. ಬೆಳಗಾಗೂತನ ಗಾಡಿ ಇರಲಿಲ್ಲ. ರೊಟ್ಟಿ ಜೋಡಿ ಏನದ ಅಂತ ಕೇಳಿದ್ರು.

"ಪುಂಡಿಪಲ್ಯ ಅದರಿ," ಅಂದೆ.

ಮುಖ ಸಿಂಡರಿಸಿದ್ರು. "ಪುಂಡಿ ಹಳ್ಳಿ ಮಂದಿ ತಿಂತಾರ. ನಮ್ಮ ಹೈದರಾಬಾದದಾಗ ಅಂಬಾಡಿ ತಿಂತೀವಿ."

ಆ ಕಡಿ ಇದ ಹುಳಿ ಪುಂಡಿ ಸೊಪ್ಪಿಗಿನ ಅಂಬಾಡಿ ಅಂತಾರ. ಅದನ್ನ ಹೇಳಾಕ ನಾ ಬಾಯಿ ತೆರಿಯೂದ್ರಾಗ ಅತ್ತಿ ನನ್ನ ತೊಡಿ ಚಿವುಟಿದ್ಲು. "ಅಯ್ಯ, ಅಂಬಾಡಿನೂ ಅದರಿ ಯವ್ವಾ!" ಅಂದಾಕಿನ, ಅದ ಗಡಿಗ್ಯಾಗಿಂದ ತಗದು, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ ಸುರುವಿ ಬಡಿಸಿದ್ಲು.

ಬಾಯಿಸಾಹೇಬ್ರು ಬೆರಳು ನೆಕ್ಕಿ ನೆಕ್ಕಿ ತಿಂದ್ರು. ಏಳೂಮುಂದ, "ಇಷ್ಟು ಚಂದ ಅಂಬಾಡಿ ಮಾಡ್ತೀರಿ, ಮತ್ತ ಆ ಪುಂಡಿ ಯಾಕ ಇಡ್ತೀರಿ?" ಅಂದ್ರು.

"ಬ್ಯಾಡ ಅನ್ನಾಕೂ ಏನರ ಇರಬೇಕಲ್ರಿ," ಅಂದ್ಲು ಅತ್ತಿ.

ಸೋಮವಾರ

ಸಿರವಾರದ ಅಕ್ಕಿ ಗಿರಣಿ ಸಾಹುಕಾರ್ರದು, ಅವರ ಹೆಂಡತಿದು, ಇಬ್ಬರದೂ ಸೋಮವಾರ ಕಟ್ಟುನಿಟ್ಟು ಉಪವಾಸ. ಹೆಂಡತಿನ ಟೇಶನ್ ಒಳಗ ಕೂಡ್ರಿಸಿ, ತಂಬಾಕು ತರ್ತೀನಂತ ಹೇಳಿ, ಊರು ಸುತ್ತಿ, ತಲಿತುಂಬ ಶಾಲು ಹೊದ್ದು ನಮ್ಮ ಒಲಿಗಿ ಬಂದ್ರು.

"ಲಗೂನ ಮಿರ್ಚಿ ಕೊಡವ್ವಾ. ನಮ್ಮಾಕಿಗಿ ಗೊತ್ತಾದ್ರ ಮುಗೀತು!"

ಅತ್ತಿ ದನಿ ಇಳಿಸಿದ್ಲು: "ಹಂಗಾರ ಆ ಗ್ವಾಡಿ ಹಿಂದ ಹೋಗಬ್ಯಾಡ್ರಿ ಯಪ್ಪಾ. ಅವರಿನ್ನೂ ತಿಂದು ಮುಗಿಸಿಲ್ಲ."

ಜ್ವರ

ಹೊಸದಾಗಿ ಬಂದ ಪೊಲೀಸ್ ಅಮೀನ್ ಸಾಹೇಬ್ರು ಡಂಗುರ ಸಾರಿಸಿದ್ರು: ಹೊತ್ತು ಮುಳುಗಿದ ಮ್ಯಾಲ ಟೇಶನ್ ಮುಂದ ಯಾರೂ ಒಲಿ ಹಚ್ಚಬಾರದು. ಹಚ್ಚಿದ್ರ ಗಡಿಗಿ, ಬಾಣಲಿ ಎಲ್ಲಾ ಜಪ್ತಿ. ನಮ್ಮ ಸಾಲಿನ್ಯಾಗಿನ ಬ್ಯಾರೆಯವರ ಒಲಿಗಳೆಲ್ಲ ಆರಿದ್ವು. ಅತ್ತಿ ಒಬ್ಬಾಕಿನ, "ಈ ಒಲಿ ಆರಿದ್ರ ಮನಿ ಒಲಿನೂ ಆರ್ತದ. ಹಚ್ಚು," ಅಂದ್ಲು.

ಬುಟ್ಟಿ ತುಂಬ ಮಿರ್ಚಿ ಕರದಿದ್ವಿ, ಬೂಟಿನ ಸಪ್ಪಳ ಕೇಳಿತು. ನಾ ಬಾಣಲಿ ಗಿಡದ ಹಿಂದ ಇಟ್ಟು, ಒಲಿಗಿ ನೀರು ಸುರುವಿದೆ. ಅತ್ತಿ ಬಿಸಿಬಿಸಿ ಬುಟ್ಟಿ ಅಪ್ಪಿಕೊಂಡು, ಕೌದಿ ಹೊಚ್ಚಿಕೊಂಡು ನರಳಾಕತ್ತಿದ್ಲು.

"ಏನದು?" ಅಂದ್ರು ಅಮೀನ್ ಸಾಹೇಬ್ರು.

"ನಮ್ಮತ್ತಿಗಿ ಜ್ವರ ಬಂದಾವ್ರಿ."

ಅವರು ಬಗ್ಗಿ ಕೌದಿ ಮ್ಯಾಲ ಕೈ ಇಟ್ಟವರು ಫಕ್ಕನ ತಗದ್ರು. "ಯಾ ಅಲ್ಲಾ! ಮುದುಕಿ ಸುಡಾಕತ್ಯಾಳ! ದವಾಖಾನಿಗಿ ಒಯ್ರಿ!"

ಅವರ ಜೋಡಿ ಬಂದಿದ್ದ ಜವಾನ ಕೌದಿ ಎಳದ. ಅತ್ತಿ ಬಿಡಲಿಲ್ಲ. ಆ ಎಳದಾಟದಾಗ ಘಮ್ಮಂತ ವಾಸನಿ ಹೊರಗ ಬಂತು. ಅಮೀನ್ ಸಾಹೇಬ್ರು ಮೂಗು ಏರಿಸಿದ್ರು.

"ಇದ್ಯಾವ ಜ್ವರ? ಅಜವಾನದ ವಾಸನಿ ಬರಾಕತ್ತದಲ್ಲ?"

ಕೌದಿ ಒಳಗಿಂದ ಅತ್ತಿ ಅಂದ್ಲು: "ದೇವದುರ್ಗದ ಜ್ವರರಿ ಸಾಹೇಬ್ರ. ಹಸದವರಿಗಿ ಲಗೂ ಹತ್ತತಾವ."

ಸಾಹೇಬ್ರು ಅರಕೇರಾ ಕಡಿ ಗಸ್ತಿ ಮುಗಿಸಿ ಆಗಷ್ಟ ಬಂದಿದ್ರು. ಬೆಳಗಿನಿಂದ ಬಾಯಿಗಿ ಏನೂ ಬಿದ್ದಿರಲಿಲ್ಲ. ಟೊಪ್ಪಿಗಿ ತಗದು, ಕಟ್ಟಿ ಮ್ಯಾಲ ಕುಂತು, "ಹತ್ತಿದ್ವವ್ವಾ," ಅಂದ್ರು. "ನನಗೂ ಹತ್ತಿದ್ವು. ತಗಿ ಹೊರಗ!"

ಬುಟ್ಟಿ ತಳ ಕಂಡಮ್ಯಾಲ ಹುಕುಂ ಬದಲಾತು. ಅದ ರಾತ್ರಿ ಸಾಲಿನ್ಯಾಗ ಎಲ್ಲಾರ ಒಲಿ ಮತ್ತ ಉರಿದ್ವು. ಅತ್ತಿ ಸೆರಗು ಸಿಗಿಸಿ, ಕಿಲ್ಲೇ ಗೆದ್ದಾಕಿ ಹಂಗ ಬಾಣಲಿ ಮುಂದ ಕುಂತ್ಲು.

ಮರುದಿನ ಹೊತ್ತು ಮುಳುಗೂದ್ರಾಗ ಅದ ಜವಾನ ದೊಡ್ಡ ಡಬ್ಬಿ ಹಿಡಕೊಂಡು ಏದುಸಿರು ಬಿಟಗೋತ ಓಡಿ ಬಂದ.

"ಲಗೂ ತುಂಬವ್ವಾ! ಇವತ್ತು ಜ್ವರ ಹತ್ತಿ ಠಾಣಾಕ್ಕ ಠಾಣಾನ ಮಲಕ್ಕೊಂಡದ!"