ಬಿದಿರು ಇಳಿಯಲಿ, ಮನುಷ್ಯ ಬೇಡ

ಕಕ್ಕಸಿನ ಕೊಳವೆ ಯಾರ ಮನೆಯಲ್ಲಿ ಕಟ್ಟಿಕೊಂಡರೂ ಹೇಳುವ ಮಾತು ಒಂದೇ: "ನಾವೇನೂ ಹಾಕಿಲ್ಲ ಸ್ವಾಮಿ." ಅರವತ್ತರ ದಶಕದಲ್ಲಿ ಹಾಸನದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದ ನಾನು ಇದನ್ನು ಎಷ್ಟು ಸಲ ಕೇಳಿದೆನೋ! ಜೊತೆಗೆ ಕೊಣನೂರು ಕಡೆಯ ಒಬ್ಬ ಆಳು, ನನಗಿಂತ ಹತ್ತು ವರ್ಷ ದೊಡ್ಡವನು. ಸೆಪ್ಟಿಕ್ ಟ್ಯಾಂಕಿಗೆ ಇಳಿದವನು ಅಲ್ಲಿನ ವಿಷಗಾಳಿಗೆ ಅಲ್ಲೇ ಸಾಯುತ್ತಾನೆಂದು ನಾನು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆ. ಅವನು ಕಣ್ಣಾರೆ ಕಂಡಿದ್ದ. ಆದ್ದರಿಂದ ನನ್ನ ನಿಯಮ ಕಟ್ಟುನಿಟ್ಟು: ಬಿದಿರ ದಬ್ಬೆ ಇಳಿಯಲಿ, ಮನುಷ್ಯ ಇಳಿಯಕೂಡದು.

ಹೊಳೆನರಸೀಪುರದ ಅಜ್ಜಿ

ಮಡಿ ಅಜ್ಜಿ. ಬಚ್ಚಲು ಕಟ್ಟಿಕೊಂಡಿದ್ದರೂ ನಮ್ಮನ್ನು ಒಳಗೆ ಬಿಡಲೊಲ್ಲರು. "ಹಿತ್ತಿಲಲ್ಲೇ ಏನಾದರೂ ಮಾಡಿಕೊಳ್ಳಿ. ಆ ಆಳಿನ ನೆರಳೂ ಬೀಳಬಾರದು."

ಮನೆಗೂ ಟ್ಯಾಂಕಿಗೂ ನಡುವೆ ಕೊಳವೆ ಹಾದುಹೋಗುವ ಒಂದು ಚಿಕ್ಕ ಗುಂಡಿ, ಚೇಂಬರು, ಇರುತ್ತದೆ. ಅದು ತುಂಬಿದ್ದರೆ ಕಟ್ಟಿರುವುದು ಟ್ಯಾಂಕಿನ ಕಡೆ, ಒಣಗಿದ್ದರೆ ಮನೆ ಕಡೆ. ಇಲ್ಲಿ ಒಣಗಿತ್ತು. ಅಲ್ಲಿಂದಲೇ ಮನೆಯತ್ತ ದಬ್ಬೆ ನೂಕಿಸಿದೆ. ಅದು ಬಚ್ಚಲ ತೂತಿನಿಂದ ತಲೆ ಎತ್ತಿತು, ತುದಿಗೆ ಪಾತ್ರೆ ತಿಕ್ಕುವ ತೆಂಗಿನ ನಾರು ಹೆಡೆಯಂತೆ ಸುತ್ತಿಕೊಂಡು.

"ಹಾವು!" ಎಂದು ಕಿರುಚಿದ ಅಜ್ಜಿ ಹಿತ್ತಿಲಿಗೆ ಓಡಿಬಂದು ನಮ್ಮ ಆಳಿನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಅವ್ವಾ, ಮಡಿ..." ಎಂದ ಅವನು.

"ಸುಮ್ಮನಿರೋ, ಮೊದಲು ಹಾವು ಹೋಗಲಿ!"

ಅರಕಲಗೂಡಿನ ಮೇಷ್ಟರು

ಮೇಷ್ಟರ ಹೊಸ ಕಕ್ಕಸು ನೀರು ಹಾಕಿದಾಗಲೆಲ್ಲ 'ಗೊಳೋ' ಎಂದು ನರಳುತ್ತಿತ್ತಂತೆ. ಹೆಂಡತಿ ಮಕ್ಕಳು ದೆವ್ವವೆಂದು ಹೆದರಿ ಒಂಟಿಯಾಗಿ ಹೋಗುವುದನ್ನು ಬಿಟ್ಟಿದ್ದರು. ನಮ್ಮ ಆಳೂ ನನ್ನ ಬೆನ್ನ ಹಿಂದೆ ಸರಿದ.

ನೀರೇನೋ ನಿಧಾನವಾಗಿ ಹೋಗುತ್ತಿತ್ತು. ಗೊಳೋ ಎಂದರೆ ಗಾಳಿ ಕಟ್ಟಿದೆ ಎಂದರ್ಥ. ತಲೆ ಎತ್ತಿ ನೋಡಿದೆ. ಗಾಳಿ ಹೋಗಲೆಂದು ಮೇಲಕ್ಕೆ ಬಿಟ್ಟಿದ್ದ ಕೊಳವೆಯ ಬಾಯಿಗೆ, ಮೀಸೆ ಹಲ್ಲು ಬರೆದ ದೃಷ್ಟಿ ಗಡಿಗೆಯನ್ನು ಬಿಗಿಯಾಗಿ ಬೋರಲು ಹಾಕಿದ್ದರು. ತೆಗೆಸಿದೆ. ಒಂದು ಕೊಡ ನೀರು ಸುರಿಸಿದೆ. ಸದ್ದಿಲ್ಲ.

"ಈಗ ದೃಷ್ಟಿ ಬಿದ್ದರೆ ಸಾರ್?"

"ಕಕ್ಕಸಿಗೆ ಯಾರ್ರೀ ದೃಷ್ಟಿ ಹಾಕುತ್ತಾರೆ?"

ಮೇಷ್ಟರು ಬೀದಿಯಾಚೆ ಕಣ್ಣು ಹಾಯಿಸಿ ಪಿಸುಗುಟ್ಟಿದರು: "ಎದುರು ಮನೆಯವರು. ಇನ್ನೂ ಚೊಂಬು ಹಿಡಿದು ಕೆರೆ ಕಡೆ ಹೋಗ್ತಾರೆ."

ಚನ್ನರಾಯಪಟ್ಟಣದ ಗೌಡರು

ದಂಡಿಗನಹಳ್ಳಿ ಕಡೆಯಿಂದ ಬಂದು ಪೇಟೆಯಲ್ಲಿ ಮನೆ ಕಟ್ಟಿಸಿದ್ದ ಗೌಡರು. ಮಧ್ಯಾಹ್ನದ ಊಟಕ್ಕೆ ಬೀಗರು ಬರುವವರಿದ್ದರು. ಬೆಳಿಗ್ಗೆಯೇ ಕೊಳವೆ ಕಟ್ಟಿತ್ತು. ನಾನು ಚೇಂಬರು ನೋಡಿ ಬರುವಷ್ಟರಲ್ಲಿ ಗೌಡರು ಟ್ಯಾಂಕಿನ ಮುಚ್ಚಳ ತೆಗೆಸಿ, ನಮ್ಮ ಆಳಿನ ಸೊಂಟಕ್ಕೆ ಹಗ್ಗ ಕಟ್ಟಿಬಿಟ್ಟಿದ್ದರು.

"ಇಳಿಯೋ ಲೇ! ಬೀಗ್ರು ಬಂದ್ಬುಡ್ತಾರೆ ಕಣ್ಲಾ!"

ಅವನ ಒಂದು ಕಾಲು ಆಗಲೇ ಒಳಗಿತ್ತು. ಓಡಿಹೋಗಿ ತೋಳು ಹಿಡಿದು ಎಳೆದೆ.

"ಚೇಂಬರು ಒಣಗಿದೆ ಗೌಡರೇ, ಕಟ್ಟಿರುವುದು ಮನೆ ಕಡೆ. ಅಲ್ಲಿಗೆ ಬಿದಿರು ಸಾಕು. ಟ್ಯಾಂಕಿಗೆ ಯಾರೂ ಇಳಿಯಕೂಡದು."

"ಒಂದು ಗಳಿಗೆ ಇಳುದ್ರೆ ಏನಾದದು ಸಾ?"

"ಏನೂ ಆಗದಿದ್ದರೆ ತಾವೇ ಇಳಿಯಿರಿ."

ಗೌಡರು ಬಗ್ಗಿ ಆ ಕಪ್ಪು ನೀರನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಬಂದರು. "ನಂಗೆ ಈಜು ಬರಾಕಿಲ್ಲ ಸಾ."

ನಮ್ಮ ಆಳು ಸೊಂಟದ ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ಗೌಡರ ಮುಂದೆ ಹಿಡಿದ.

"ಅದ್ಕೇ ಬುದ್ದಿ ಅಗ್ಗ ಇರಾದು. ಕಟ್ಕಳಿ, ನಾನು ಇಡ್ಕತೀನಿ."