ಎರಡು ಶಾಲೆಗೆ ಒಂದೇ ಗಾಡಿ

ಒಡಹುಟ್ಟಿದವರಿಗೆ ಕೇಡು ಮಾಡಲು ದ್ವೇಷ ಬೇಕಿಲ್ಲ, ಒಂದು ಒಳ್ಳೆಯ ನಿದ್ದೆ ಸಾಕು. ಇದು ನನ್ನ ಸ್ವಂತ ಅನುಭವ. ಓದು ನನಗೆ ಎರಡನೇ ಕ್ಲಾಸಿಗೇ ಮುಗಿದಿತ್ತು, ಅದೂ ಪಾಸಾಗದೆ. ಎತ್ತಿನ ಗಾಡಿ ಹೊಡೆಯುತ್ತಿದ್ದೆ. ತಮ್ಮ ಹನುಮಂತ ಮಾತ್ರ ಓದಿ, ನಮ್ಮೂರಿನ ಬೋರ್ಡ್ ಶಾಲೆಗೇ ಮಾಸ್ತರನಾಗಿ ಬಂದ.

ಆಗ ನಾವು ಮದ್ರಾಸ್ ಸರ್ಕಾರದ ಕೆಳಗಿದ್ದೆವು. ಬಳ್ಳಾರಿಯ ಶಾಲೆಗಳಲ್ಲಿ ಬೆಂಚುಗಳಿದ್ದವಂತೆ. ಕುರುಗೋಡಿನ ಕಡೆ ಕಲ್ಲುಮಂಟಪದ ತಂಪಿನಲ್ಲಿ ಪಾಠ ನಡೆಯುತ್ತಿತ್ತಂತೆ. ಸಿರುಗುಪ್ಪದಲ್ಲಂತೂ ಗಂಟೆ ಬಾರಿಸಲು ಜವಾನನೇ ಇದ್ದ. ಅದರಾಚೆಯ ನಮ್ಮ ಹಳ್ಳಿಯ ಶಾಲೆ ಚಾವಡಿಯಲ್ಲಿ. ಮಗ್ಗಿ ಜೋರಾದರೆ ಅಲ್ಲೇ ಕಟ್ಟಿದ್ದ ಗೌಡರ ಆಡು ಹಗ್ಗ ಹರಿದುಕೊಂಡು ಓಡುತ್ತಿತ್ತು.

ಮಕ್ಕಳು ಕಡಿಮೆಯಾದರೆ ಶಾಲೆಗೆ ಬೀಗ, ಮಾಸ್ತರನ ಕೆಲಸಕ್ಕೆ ಕತ್ತರಿ. ಹಾಗಾಗಿ ಮದುವೆಗೆ ಕೊಪ್ಪರಿಗೆ ತಂದಂತೆ, ತಪಾಸಣೆಗೆ ಪಕ್ಕದೂರಿನ ಮಕ್ಕಳನ್ನು ಎರವಲು ತರುವುದು ನಮ್ಮ ಕಡೆಯ ಪದ್ಧತಿ. ಆ ಸಲ ಇನ್ಸ್‌ಪೆಕ್ಟರು ಬೆಳಿಗ್ಗೆ ಪಕ್ಕದೂರಿಗೆ, ಮಧ್ಯಾಹ್ನ ನಮ್ಮೂರಿಗೆ ಬರುವವರಿದ್ದರು. ಅವರನ್ನು ಕರೆತರುವ ಗಾಡಿ ನನ್ನದು.

"ಯಣ್ಣಾ, ಸಾಹೇಬ್ರನ್ನ ನದಿ ದಾರೀಲೆ ಸುತ್ತು ಹಾಕ್ಕೊಂಡು ಕರ್ಕೊಂಡು ಬಾ. ಹುಡುಗ್ರು ಕಾಲುವಿ ದಂಡಿ ಹಿಡ್ದು ಮೊದ್ಲ ಓಡಿ ಬರ್ತಾವು. ನಿನ್ನ ಕೈ ಮುಗಿತೀನಿ, ನಿದ್ದಿ ಮಾಡಬ್ಯಾಡ," ಎಂದಿದ್ದ ಹನುಮಂತ.

ಪಕ್ಕದೂರಿನಲ್ಲಿ ಮಾಡಿದ ಊಟ ಭರ್ಜರಿಯಾಗಿತ್ತು. ಗಾಡಿ ಹತ್ತಿದ್ದಷ್ಟೇ ನೆನಪು. ಎತ್ತುಗಳಿಗೆ ಗುಟ್ಟು ಯಾರು ಹೇಳಬೇಕು? ಮನೆಯ ಮೇವು ನೆನೆದು ಹತ್ತಿರದ ಕಾಲುವೆ ದಂಡೆಗೇ ಇಳಿದವು.

"ಏಮಯ್ಯಾ, ಬಂಡಿ ನಿಲ್ಸು!" ಹಿಂದಿನಿಂದ ಇನ್ಸ್‌ಪೆಕ್ಟರ ಕೂಗು.

ಕಣ್ಣು ಬಿಟ್ಟರೆ ಮುಂದೆ ಏದುಸಿರು ಬಿಡುತ್ತಿರುವ ಮಕ್ಕಳ ಹಿಂಡು.

"ಎಲ್ಲಿಗ್ರೋ ಓಟ?" ಎಂದರು ಇನ್ಸ್‌ಪೆಕ್ಟರು.

"ಸಾಲಿಗ್ರೀ!"

"ಈಗಷ್ಟೇ ಸಾಲಿ ಬಿಡ್ತಲ್ಲೋ?"

"ಇದು ಇನ್ನೊಂದ್ರೀ!"

ಅವರು ನಗಲಿಲ್ಲ, ಬೈಯಲೂ ಇಲ್ಲ. ಬಿಸಿಲೆಂದು ಎಲ್ಲರನ್ನೂ ಗಾಡಿಗೆ ಹತ್ತಿಸಿಕೊಂಡರು. ಅವರ ತೊಡೆಯ ಮೇಲೆ ಕುಳಿತ ಪುಟ್ಟ ಹುಡುಗಿ ತಾನಾಗಿಯೇ ವರದಿ ಒಪ್ಪಿಸಿದಳು: "ಅಲ್ಲಿ ನಾನು ಗಂಗವ್ವ, ಇಲ್ಲಿ ತುಂಗವ್ವ ರೀ."

"ಮತ್ತೆ ನಿಜವಾದ ಹೆಸರು?"

"ಅದನ್ನ ಮಾಸ್ತರು ಹೇಳಿಕೊಟ್ಟಿಲ್ರೀ."

ಚಾವಡಿಯ ಮುಂದೆ ಹಾರ ಹಿಡಿದು ನಿಂತಿದ್ದ ಹನುಮಂತ, ತನ್ನ ಎರವಲು ಶಾಲೆ ಸಾಹೇಬರ ತೊಡೆಯಿಂದಲೇ ಇಳಿಯುವುದನ್ನು ಕಂಡ. ನನ್ನತ್ತ ಒಮ್ಮೆ ನೋಡಿ, ಹಾರ ಹಿಡಿದ ಕೈ ಕೆಳಗಿಳಿಸಿದ.

"ಈ ಊರಿನವರಷ್ಟೇ ಕೈ ಎತ್ರಿ," ಎಂದರು ಇನ್ಸ್‌ಪೆಕ್ಟರು. ಎದ್ದ ಕೈಗಳು ಶಾಲೆ ಉಳಿಸುವಷ್ಟಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು. ನನಗೆ ಏನಾಯಿತೋ, ಮಕ್ಕಳ ಸಾಲಿನ ಕೊನೆಗೆ ಹೋಗಿ ಕುಳಿತು ಕೈ ಎತ್ತಿದೆ.

"ನಿಂದು ಯಾವ ಕ್ಲಾಸಯ್ಯಾ?"

"ಎರಡ್ನೇದ್ರೀ. ಇನ್ನಾ ಪಾಸಾಗಿಲ್ರೀ."

ಅವರು ಈಗ ನಕ್ಕರು. "ಇಂಥ ದೊಡ್ಡೋರು ಊರಾಗ ಇನ್ನೂ ಅದಾರೇನು? ಎಲ್ಲಾರ ಹೆಸ್ರೂ ಬರ್ಕೊಂಡು ಸಂಜಿಗೆ ಕೂಡಿಸ್ರಿ. ಸಾಲಿ ನಡೀಲಿ."

ಹೀಗೆ ಶಾಲೆ ಉಳಿಯಿತು. ಮೂಗು ಒರೆಸಿ ಬೆಳೆಸಿದ ತಮ್ಮನಿಗೆ ಸಂಜೆ ಎದ್ದು ನಿಂತು "ಹಾಜರ್ ಸಾರ್" ಅನ್ನತೊಡಗಿದೆ. ಬರಬರುತ್ತ ಓದಲು, ಬರೆಯಲು ಚೆನ್ನಾಗಿಯೇ ಬಂತು. ಪರೀಕ್ಷೆಯಲ್ಲಿ ಎಲ್ಲವನ್ನೂ ಸರಿಯಾಗಿ ಬರೆದೆ. ಹನುಮಂತ ಫೇಲು ಮಾಡಿದ.

"ಯಾಕಲೇ?" ಎಂದೆ.

"ಎರಡ್ನೇ ಕ್ಲಾಸಿಗೆ ಈಗ ನೀನೊಬ್ಬನ ಅದೀ ಯಣ್ಣಾ. ನೀ ಪಾಸಾದ್ರ ಕ್ಲಾಸು ಮುಚ್ತೈತಿ."

ಅಂದು ನಿದ್ದೆ ಹೋದ ತಪ್ಪು ನನ್ನದಲ್ಲವೇ? ಮರುವರ್ಷ ನಾನೇ ಮುತುವರ್ಜಿಯಿಂದ ಉತ್ತರಗಳನ್ನು ತಪ್ಪು ಬರೆದೆ.